ಅಷ್ಟು ಪ್ರಾರ್ಥನೆ ಮಾಡಿದ್ರೂ ಅಮ್ಮ ಉಳೀಲಿಲ್ಲ, ಇನ್ನು ದೇವರನ್ನ ನಂಬೋದು ಹೇಗೆ?

ಪ್ರಶ್ನೆ: ಪಾಸ್ಟರ್, ಅಮ್ಮನಿಗೆ ಕ್ಯಾನ್ಸರ್ ಅಂತ ಗೊತ್ತಾದ ದಿನದಿಂದ ನಾನು ಬೆಳಗಿನ ಜಾವ ಎದ್ದು ಪ್ರಾರ್ಥನೆ ಮಾಡ್ತಿದ್ದೆ, ವಾರಕ್ಕೊಂದು ಉಪವಾಸಾನೂ ಇಡ್ತಿದ್ದೆ. ಸಭೆಯವರೆಲ್ಲಾ ಸೇರಿ ಮಾಡಿದ್ರು. ಒಬ್ಬ ದೇವರ ಸೇವಕರು ಅಮ್ಮನ ತಲೆ ಮೇಲೆ ಕೈ ಇಟ್ಟು "ಈಕೆ ಸಾಯೋದಿಲ್ಲ, ಎದ್ದು ಬಂದು ಸಾಕ್ಷಿ ಹೇಳ್ತಾಳೆ" ಅಂತ ಪ್ರವಾದನೆ ಹೇಳಿದ್ರು. ಅಮ್ಮ ಹೋದ ವರ್ಷ ತೀರ್ಕೊಂಡ್ರು. ಆಮೇಲೆ ಕೆಲವರು ನಿಮ್ಮ ವಿಶ್ವಾಸ ಸಾಲಲಿಲ್ಲ ಅಂದ್ರು, ಕೆಲವರು ದೇವರ ಚಿತ್ತ ಅಂದ್ರು. ಈಗ ಮೊಣಕಾಲೂರಿದ್ರೆ ಬಾಯಿಂದ ಒಂದು ಮಾತೂ ಬರಲ್ಲ, ಬಂದ್ರೆ ಸಿಟ್ಟು ಬರುತ್ತೆ. ಅಪ್ಪನಿಗೂ ಈಗ ಹಾರ್ಟ್ ತೊಂದರೆ ಶುರುವಾಗಿದೆ, ಅವರಿಗೋಸ್ಕರ ಕೇಳೋಕೇ ಭಯ ಆಗುತ್ತೆ. ನಾನು ವಿಶ್ವಾಸ ಬಿಟ್ಟುಬಿಟ್ನಾ?

ಉತ್ತರ:

ಸಿಸ್ಟರ್, ನಿಮ್ಮ ವಿಶ್ವಾಸ ಸಾಲಲಿಲ್ಲ ಅಂದ್ರಲ್ಲ, ಮೊದಲು ಆ ಮಾತನ್ನ ಇತ್ಯರ್ಥ ಮಾಡೋಣ, ಅದು ಒಳಗೆ ಚುಚ್ತಾ ಇರೋವರೆಗೂ ನಾನು ಬೇರೆ ಏನೇ ಹೇಳಿದ್ರೂ ನಿಮಗೆ ಹಿಡಿಸಲ್ಲ. ಅಮ್ಮ ಹೋಗಿದ್ದು ನಿಮ್ಮ ವಿಶ್ವಾಸ ಕಮ್ಮಿಯಾಗಿದ್ದಕ್ಕೆ ಅಲ್ಲ. ಸಮಾಧಾನಕ್ಕೆ ಹೇಳ್ತಿರೋ ಮಾತಲ್ಲ ಇದು, ಸತ್ಯವೇದ ತೆಗೆದು ನೋಡಿದ್ರೆ ಆ ಲೆಕ್ಕಾನೇ ಕೂಡಲ್ಲ. ಮಾರ್ಕ 2ರಲ್ಲಿ ಪಾರ್ಶ್ವವಾಯು ರೋಗಿನ ನಾಲ್ಕು ಜನ ಹೊತ್ಕೊಂಡು ಬಂದು ಮಾಳಿಗೆ ಕಿತ್ತು ಇಳಿಸ್ತಾರೆ, ಯೇಸು ಸ್ವಾಮಿ ಯಾರ ನಂಬಿಕೆ ನೋಡಿದ್ರು ಅಂತ ಅಲ್ಲಿದೆ? ಹೊತ್ಕೊಂಡು ಬಂದವರ ನಂಬಿಕೆ. ಯೋಹಾನ 5ರಲ್ಲಿ ಬೆಥೆಸ್ದ ಕೊಳದ ಹತ್ರ 38 ವರ್ಷದಿಂದ ಬಿದ್ದಿದ್ದವನಿಗೆ ತನ್ನನ್ನ ವಾಸಿ ಮಾಡಿದ್ದು ಯಾರು ಅಂತಾನೇ ಗೊತ್ತಿರಲಿಲ್ಲ, ನಂಬಿಕೆ ಅನ್ನೋ ಮಾತೇ ಆ ಕಥೇಲಿ ಬರಲ್ಲ, ಆದ್ರೂ ಎದ್ದು ಹಾಸಿಗೆ ಎತ್ಕೊಂಡು ನಡೆದ. ಅದೇ ಕೊಳದ ಹತ್ರ ಇನ್ನೂ ಬೇಕಾದಷ್ಟು ಜನ ರೋಗಿಗಳು, ಕುರುಡರು, ಕುಂಟರು ಮಲಗಿದ್ರು ಅಂತ ಯೋಹಾನ ಬರೀತಾನೆ. ಆವತ್ತು ವಾಸಿಯಾಗಿದ್ದು ಒಬ್ಬನ ಕಥೆ ಮಾತ್ರ ಬರೆದಿದೆ. ಮಿಕ್ಕವರಿಗೆ ಯಾಕಿಲ್ಲ ಅಂತ ಅವನೂ ಹೇಳಲ್ಲ.

ಇನ್ನು ಪೌಲನನ್ನ ತಗೊಳ್ಳಿ. ಅವನ ಮೈಮೇಲಿದ್ದ ಕರವಸ್ತ್ರ ತಗೊಂಡು ಹೋಗಿ ರೋಗಿಗಳ ಮೇಲೆ ಹಾಕಿದ್ರೆ ವಾಸಿಯಾಗ್ತಿತ್ತು ಅಂತ ಅಪೊಸ್ತಲರ ಕೃತ್ಯ 19ರಲ್ಲಿದೆ. ಅದೇ ಪೌಲ ಕೊನೇ ಪತ್ರದಲ್ಲಿ, ತ್ರೊಫಿಮನಿಗೆ ಹುಷಾರಿಲ್ಲ ಅಂತ ಮಿಲೇತದಲ್ಲೇ ಬಿಟ್ಟು ಬಂದೆ ಅಂತ ಒಂದೇ ಸಾಲಲ್ಲಿ ಬರೀತಾನೆ. ತಿಮೊಥೆಯನಿಗೆ ಪದೇ ಪದೇ ಹೊಟ್ಟೆ ತೊಂದರೆ, ಅವನಿಗೆ ಕರವಸ್ತ್ರ ಕಳಿಸಲಿಲ್ಲ, ಬರೀ ನೀರು ಕುಡೀಬೇಡ, ಸ್ವಲ್ಪ ದ್ರಾಕ್ಷಾರಸ ತಗೋ ಅಂದ. ತನ್ನ ಶರೀರದಲ್ಲೇ ಇದ್ದ ಮುಳ್ಳಿಗೋಸ್ಕರ ಮೂರು ಸಲ ಬೇಡ್ಕೊಂಡ, ಹೋಗಲಿಲ್ಲ. ಪೌಲನಿಗೆ ವಿಶ್ವಾಸ ಕಮ್ಮಿ ಇತ್ತು ಅಂತ ಯಾರಾದ್ರೂ ಪುಲ್ಪಿಟ್ ಮೇಲೆ ನಿಂತು ಹೇಳ್ತಾರಾ? ಹೇಳಲ್ಲ, ಆ ಮಾತನ್ನ ಅಳ್ತಾ ಕೂತಿರೋ ಹೆಣ್ಮಗಳಿಗೆ ಮಾತ್ರ ಹೇಳೋಕೆ ಧೈರ್ಯ ಬರುತ್ತೆ.

ಜೋನಿ ಎರಿಕ್ಸನ್ ಟಾಡಾ ಅನ್ನೋರ ಬಗ್ಗೆ ನೀವು ಕೇಳಿರಬಹುದು. 1967ರಲ್ಲಿ, 17 ವರ್ಷದ ಹುಡುಗಿ, ಅಮೆರಿಕದ ಚೆಸಪೀಕ್ ಕೊಲ್ಲಿಯಲ್ಲಿ ನೀರಿಗೆ ಡೈವ್ ಮಾಡಿ ಕುತ್ತಿಗೆ ಮೂಳೆ ಮುರ್ಕೊಂಡು ಕೈಕಾಲು ಸ್ವಾಧೀನ ಕಳ್ಕೊಂಡ್ರು. ಸ್ವಸ್ಥತೆಯ ದೊಡ್ಡ ಕೂಟಕ್ಕೂ ಹೋದ್ರು, ಪೂರ್ತಿ ನಂಬಿ ಹೋದ್ರು, ವೀಲ್‌ಚೇರಲ್ಲೇ ವಾಪಸ್ ಬಂದ್ರು. ಆಮೇಲೆ ಅದೇ ವೀಲ್‌ಚೇರಲ್ಲಿ ಕೂತು ದಶಕಗಟ್ಟಲೆ ಅಂಗವಿಕಲರ ಮಧ್ಯೆ ಸೇವೆ ಮಾಡ್ತಾ ಬಂದ್ರು. ಇದನ್ನ ಹೇಳ್ತಿರೋದು ನೀವೂ ಹಾಗೆ ದೊಡ್ಡ ಸೇವೆ ಮಾಡ್ಬೇಕು ಅಂತಲ್ಲ, ದಯವಿಟ್ಟು ಹಾಗೆ ತಗೋಬೇಡಿ. ವಾಸಿಯಾಗದೇ ಇರೋದಕ್ಕೂ ವಿಶ್ವಾಸದ ಅಳತೆಗೂ ನೇರ ಸಂಬಂಧ ಇಲ್ಲ ಅನ್ನೋದಕ್ಕೆ ಕಣ್ಣೆದುರಿಗಿರೋ ಒಂದು ಜೀವನ ಅಂತ ಹೇಳ್ದೆ ಅಷ್ಟೇ.

ಎರಡನೇದು ಪ್ರವಾದನೆ. ನಿಮ್ಮ ಪತ್ರದಲ್ಲಿ ಅತಿ ಹೆಚ್ಚು ನೋವಿರೋದು ಇಲ್ಲೇ ಅಂತ ನನಗನ್ಸುತ್ತೆ, ನೀವು ಅದರ ಬಗ್ಗೆ ಒಂದೇ ಸಾಲು ಬರೆದಿದ್ರೂ. ಅಮ್ಮ ಸತ್ತ ದುಃಖ ಒಂದು ಕಡೆ, ದೇವರು ಮಾತು ಕೊಟ್ಟು ತಪ್ಪಿದ್ರು ಅನ್ನೋ ದುಃಖ ಇನ್ನೊಂದು ಕಡೆ, ಈ ಎರಡನೇದು ಒಳಗೇ ಕೊಳೀತಾ ಹೋಗುತ್ತೆ. ಆದ್ರೆ ಆ ಮಾತು ಕೊಟ್ಟಿದ್ದು ದೇವರಾ? ಯೆರೆಮೀಯ 28ನೇ ಅಧ್ಯಾಯ ಒಂದ್ಸಲ ಓದಿ. ಹನನ್ಯ ಅನ್ನೋ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಕರ್ತನು ಹೀಗನ್ನುತ್ತಾನೆ, ಬಾಬೆಲಿನ ರಾಜ ದೋಚ್ಕೊಂಡು ಹೋಗಿದ್ದೆಲ್ಲಾ ಎರಡೇ ವರ್ಷದಲ್ಲಿ ವಾಪಸ್ ಬರುತ್ತೆ, ಸೆರೆ ಹೋದವರೂ ಬರ್ತಾರೆ ಅಂತ ಹೇಳ್ತಾನೆ. ಜನಕ್ಕೆ ಬೇಕಾಗಿದ್ದೂ ಅದೇ. ಯೆರೆಮೀಯನಿಗೂ ಅದೇ ಬೇಕಾಗಿತ್ತು, ಅವನು "ಆಮೆನ್, ಕರ್ತನು ಹಾಗೇ ಮಾಡ್ಲಿ" ಅಂತಾನೆ ಮೊದಲು! ಆದ್ರೆ ದೇವರು ಹೇಳಿದ್ದು ಎರಡಲ್ಲ, 70 ವರ್ಷ. ಎರಡು ವರ್ಷದ ಮಾತು ನಂಬಿ ಗಂಟುಮೂಟೆ ಕಟ್ಕೊಂಡು ಕೂತವರಿಗೆ ಮೂರನೇ ವರ್ಷ ದೇವರ ಬಗ್ಗೆ ಏನನ್ಸಿರಬೇಕು ಯೋಚನೆ ಮಾಡಿ. ದೇವರು ಕೊಡದೇ ಇದ್ದ ಮಾತಿಗೆ ದೇವರ ಮೇಲೆ ಮುನಿಸು.

ಕ್ಯಾಲೆಂಡರ್ ಮೇಲೆಲ್ಲಾ ಹಾಕ್ತಾರಲ್ಲ, ನಿಮ್ಮ ಬಗ್ಗೆ ನನಗಿರೋ ಆಲೋಚನೆ ಹಿತದ್ದು, ಕೇಡಿನದ್ದಲ್ಲ ಅನ್ನೋ ವಚನ, ಯೆರೆಮೀಯ 29:11, ಅದು ಬರೋದು ಈ ಜಗಳದ ಮಾರನೇ ಅಧ್ಯಾಯದಲ್ಲೇ, ಸೆರೇಲಿದ್ದವರಿಗೆ ಬರೆದ ಪತ್ರದಲ್ಲಿ. ಅದರ ಹಿಂದಿನ ವಚನ 70 ವರ್ಷದ್ದು. ಅಂದ್ರೆ ಆ ಪತ್ರ ಕೇಳಿಸ್ಕೊಂಡ ದೊಡ್ಡವರಲ್ಲಿ ಬಹುಪಾಲು ಜನ ಊರಿಗೆ ವಾಪಸ್ ಹೋಗಲೇ ಇಲ್ಲ, ಅಲ್ಲೇ ಸತ್ರು. ಮನೆ ಕಟ್ಕೊಳ್ಳಿ, ತೋಟ ಮಾಡ್ಕೊಳ್ಳಿ, ಮಕ್ಕಳಿಗೆ ಮದುವೆ ಮಾಡಿ ಅಂತಾನೂ ಅದರಲ್ಲೇ ಇದೆ. ವಾಗ್ದಾನ ಸುಳ್ಳಲ್ಲ, ಆದ್ರೆ ನಮ್ಮಲ್ಲಿ ಅದನ್ನ ಎರಡು ವರ್ಷದ ಮಾತಾಗಿ ಮಾಡಿ ಮಾರ್ತಿದ್ದಾರೆ, ಇದು ನನ್ನ ಸಿಟ್ಟು, ಇರ್ಲಿ.

ಆ ಸೇವಕರು ಬೇಕಂತ ಸುಳ್ಳು ಹೇಳಿದ್ರು ಅಂತ ನಾನು ಹೇಳಲ್ಲ. ಎಷ್ಟೋ ಸಲ ಕರುಣೆಯಿಂದಾನೇ, ಎದುರಿಗೆ ಮಗಳು ಅಳ್ತಿದ್ದಾಳೆ ಅಂತ, ತನ್ನ ಮನಸ್ಸಿನ ಆಸೇನೇ ದೇವರ ಸ್ವರ ಅಂದ್ಕೊಂಡು ಹೇಳಿಬಿಡ್ತಾರೆ. ಆದ್ರೂ ಅವರ ಹತ್ರ ಹೋಗಿ, ಅಥವಾ ಒಂದು ಪತ್ರ ಬರೆದು, "ನೀವು ಹೇಳಿದ್ದು ಆಗಲಿಲ್ಲ, ಅದರಿಂದ ನನಗೆ ಹೀಗಾಯ್ತು" ಅಂತ ಹೇಳೋ ಹಕ್ಕು ನಿಮಗಿದೆ. ಪ್ರವಾದಿ ಹೇಳಿದ್ದು ಆಗದೇ ಹೋದ್ರೆ ಅದು ಕರ್ತನ ಮಾತಲ್ಲ, ಅವನಿಗೆ ಹೆದರ್ಬೇಡಿ ಅನ್ನೋ ಧರ್ಮೋಪದೇಶಕಾಂಡ 18:22 ಆ ಹಕ್ಕು ಕೊಡುತ್ತೆ. ಅಭಿಷಿಕ್ತರನ್ನ ಮುಟ್ಟಬೇಡ ಅಂತ ಯಾರಾದ್ರೂ ಹೆದರಿಸಿದ್ರೆ ಹೆದರ್ಬೇಡಿ, ಪ್ರಶ್ನೆ ಕೇಳೋದು ಮುಟ್ಟೋದಲ್ಲ.

ಈಗ ನೀವು ಕೇಳ್ತೀರಿ, ಸರಿ ಪಾಸ್ಟರ್, ಪ್ರವಾದನೆ ಮನುಷ್ಯರದ್ದು, ಆದ್ರೆ ಯೇಸು ಸ್ವಾಮಿನೇ ಹೇಳಿದ್ದಾರಲ್ಲ, ಪ್ರಾರ್ಥನೇಲಿ ಏನು ಕೇಳ್ತೀರೋ ಸಿಕ್ಕಿದೆ ಅಂತ ನಂಬಿ, ಸಿಗುತ್ತೆ ಅಂತ, ಅದೇನು? ಮಾರ್ಕ 11:24. ನ್ಯಾಯವಾದ ಪ್ರಶ್ನೆ, ಇದನ್ನ ಜಾರಿಸೋಕೆ ನೋಡೋ ಬೋಧಕರನ್ನ ನಾನು ನಂಬಲ್ಲ. ಆ ವಚನ ಅಲ್ಲಿದೆ, ದೊಡ್ಡದಾಗಿ ಕೇಳಿ, ಹಿಂಜರಿದು ಕೇಳಬೇಡಿ ಅಂತಾನೇ ಅದರ ಅರ್ಥ. ಆದ್ರೆ ಅದನ್ನ ಬರೆದ ಅದೇ ಮಾರ್ಕ ಮೂರು ಅಧ್ಯಾಯ ದಾಟಿದ ಮೇಲೆ ಗೆತ್ಸೆಮನೆ ಬರೀತಾನೆ, ಶಿಲುಬೆಗೆ ಹಿಂದಿನ ರಾತ್ರಿ ಯೇಸು ಸ್ವಾಮಿ ಅಲ್ಲಿ ಮಾಡಿದ ಪ್ರಾರ್ಥನೆ. ಅಪ್ಪಾ ತಂದೆಯೇ, ನಿನಗೆ ಎಲ್ಲಾ ಸಾಧ್ಯ, ಈ ಪಾತ್ರೆನ ನನ್ನಿಂದ ತೊಲಗಿಸು. ಇದಕ್ಕಿಂತ ವಿಶ್ವಾಸದ ಪ್ರಾರ್ಥನೆ ಇದೆಯಾ? ಕೇಳ್ತಿರೋರು ದೇವರ ಮಗ, ಪಾಪ ಇಲ್ಲ, ಸಂಶಯ ಇಲ್ಲ, ಸಾಧ್ಯ ಅಂತಾನೂ ಹೇಳಿದ್ರು, ಒಂದಲ್ಲ ಮೂರು ಸಲ ಹೋಗಿ ಕೇಳಿದ್ರು, ಜೊತೆಗಿದ್ದವರು ನಿದ್ದೆ ಹೋಗಿದ್ರು. ಪಾತ್ರೆ ತೊಲಗಲಿಲ್ಲ. ಮಾರ್ಕನಿಗೆ ತಾನು 11ರಲ್ಲಿ ಬರೆದಿದ್ದು 14ರಲ್ಲಿ ಮರೆತುಹೋಗಿತ್ತಾ? ಇಲ್ಲ, ಎರಡನ್ನೂ ಒಟ್ಟಿಗೆ ಓದಿ ಅಂತಾನೇ ಇಟ್ಟಿದ್ದಾನೆ. ಎಲ್ಲಾ ಸಾಧ್ಯ ಅಂತ ನಂಬಿ ಕೇಳೋದು, ನಿನ್ನ ಚಿತ್ತ ಆಗಲಿ ಅಂತ ಒಪ್ಪಿಸೋದು, ಎರಡೂ ಒಂದೇ ಬಾಯಲ್ಲಿ ಒಂದೇ ಉಸಿರಲ್ಲಿ ಬಂತು. ನಮ್ಮಲ್ಲಿ ಕೆಲವರು "ನಿನ್ನ ಚಿತ್ತವಾದರೆ" ಅಂತ ಸೇರಿಸಿದ್ರೆ ಅವಿಶ್ವಾಸ ಅಂತಾರೆ, ಹಾಗಾದ್ರೆ ಯೇಸು ಸ್ವಾಮಿಗೆ ಪ್ರಾರ್ಥನೆ ಮಾಡೋಕೆ ಬರ್ತಿರಲಿಲ್ಲ ಅಂತ ಆಯ್ತು.

ಇದರ ಜೊತೆ ಇಬ್ರಿಯ 5:7 ಸೇರಿಸಿ ಓದಿ, ನನಗೆ ಈ ವಿಷಯದಲ್ಲಿ ಎಲ್ಲಕ್ಕಿಂತ ದೊಡ್ಡ ವಚನ ಅದು. ಮರಣದಿಂದ ತಪ್ಪಿಸೋಕೆ ಶಕ್ತನಾದ ತಂದೆಗೆ ಆತ ಗಟ್ಟಿಯಾಗಿ ಕೂಗಿ, ಕಣ್ಣೀರು ಹಾಕಿ ಪ್ರಾರ್ಥನೆ ಮಾಡಿದ, ಭಯಭಕ್ತಿಯಿಂದಾಗಿ ಕೇಳಲ್ಪಟ್ಟ ಅಂತಿದೆ. ಕೇಳಲ್ಪಟ್ಟ! ಮಾರನೇ ದಿನವೇ ಶಿಲುಬೆ ಮೇಲೆ ಪ್ರಾಣ ಹೋಯ್ತಲ್ಲ, ಮತ್ತೆ ಕೇಳಲ್ಪಟ್ಟಿದ್ದು ಹೇಗೆ? ಸಾವನ್ನ ತಪ್ಪಿಸಲಿಲ್ಲ, ಸಾವಿನೊಳಗಿಂದ ಎಬ್ಬಿಸಿದ್ರು. ಅಂದ್ರೆ ಪ್ರಾರ್ಥನೆ ದೇವರಿಗೆ ಮುಟ್ಟೋದು, ನಾವು ಕೇಳಿದ ರೀತೀಲೇ ಅದು ಆಗೋದು, ಇವೆರಡೂ ಬೇರೆ ಬೇರೆ. ಅಮ್ಮನಿಗೋಸ್ಕರ ನೀವು ಮಾಡಿದ ಒಂದೊಂದು ಪ್ರಾರ್ಥನೆನೂ ಮುಟ್ಟಿದೆ. ಅಮ್ಮ ಕರ್ತನಲ್ಲಿ ನಿದ್ರೆ ಹೋಗಿದ್ರೆ ಅವರ ವಿಷಯದಲ್ಲಿ ದೇವರ ಕೊನೇ ಮಾತು ಇನ್ನೂ ಬಂದಿಲ್ಲ, ಪುನರುತ್ಥಾನ ಬಾಕಿ ಇದೆ. ಇದನ್ನ ಶವಪೆಟ್ಟಿಗೆ ಪಕ್ಕದಲ್ಲೇ ಗಡಿಬಿಡಿಯಲ್ಲಿ ಹೇಳಿ ಅಳು ನಿಲ್ಲಿಸೋಕೆ ನೋಡ್ತಾರಲ್ಲ, ಅದು ನನಗೆ ಸರಿ ಕಾಣಲ್ಲ. ಥೆಸಲೋನಿಕದವರಿಗೆ ಪೌಲ ಬರೆದಿದ್ದು ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತ, ದುಃಖಾನೇ ಪಡಬೇಡಿ ಅಂತಲ್ಲ.

ಹಾಗೇ ಇನ್ನೊಂದು ಮಾತು ನಿಮ್ಮ ಕಿವಿಗೆ ಬಿದ್ದಿರುತ್ತೆ, ದೇವರ ಉತ್ತರ ಮೂರು ಥರ, ಹೌದು, ಇಲ್ಲ, ಕಾಯಿ ಅಂತ. ತಪ್ಪಲ್ಲ, ಸಂಡೇ ಸ್ಕೂಲ್ ಮಕ್ಕಳಿಗೆ ಚೆನ್ನಾಗಿದೆ. ಕೆಲಸ ಸಿಗದೇ ಇರೋರಿಗೆ, ಮದುವೆ ತಡ ಆಗ್ತಿರೋರಿಗೆ ಕಾಯಿ ಅನ್ನೋದಕ್ಕೆ ಒಂದು ಅರ್ಥ ಇದೆ. ಅಬ್ರಹಾಮ ಹೊರಟಾಗ 75, ಇಸಾಕ ಹುಟ್ಟಿದಾಗ 100. ಯೋಸೇಫ 17ಕ್ಕೆ ಮಾರಿಹೋದವನು ಫರೋಹನ ಮುಂದೆ ನಿಂತಿದ್ದು 30ಕ್ಕೆ. ಅವರ ಕಥೆಗಳಲ್ಲಿ ಕೊನೆಗೆ ಬಾಗಿಲು ತೆರೀತು. ಆದ್ರೆ ಅಮ್ಮನನ್ನ ಮಣ್ಣು ಮಾಡಿ ಬಂದವರಿಗೆ ಕಾಯಿ ಅಂದ್ರೆ ಏನಕ್ಕೆ ಕಾಯೋದು? ಇದಕ್ಕೇ ನಾನು ನಿಮಗೆ ಅಬ್ರಹಾಮನ ಕಥೆ ಹೇಳೋಕೆ ಹೋಗಲ್ಲ. ರೋಮಾಪುರ 8:28 ಕೂಡ ಅಷ್ಟೇ, ಎಲ್ಲಾ ಒಳ್ಳೇದಕ್ಕೇ ಆಗುತ್ತೆ ಅಂತ ಯಾರೋ ಹೇಳಿ ಹೋಗ್ತಾರೆ, ಅದಕ್ಕಿಂತ ಎರಡೇ ವಚನ ಮೇಲೆ, ನಾವು ಏನು ಪ್ರಾರ್ಥನೆ ಮಾಡ್ಬೇಕೋ ನಮಗೆ ಗೊತ್ತಿಲ್ಲ, ಪವಿತ್ರಾತ್ಮನೇ ಮಾತಿಲ್ಲದ ನರಳಾಟದಲ್ಲಿ ನಮಗೋಸ್ಕರ ಬೇಡ್ಕೊಳ್ತಾನೆ ಅಂತಿದೆ, ಅದನ್ನ ಯಾರೂ ಓದಿ ಹೇಳಲ್ಲ. ಮೊಣಕಾಲೂರಿದ್ರೆ ಮಾತೇ ಬರಲ್ಲ ಅಂತ ಬರೆದ್ರಲ್ಲ, ನಿಮ್ಮಂಥವರಿಗೇ ಬರೆದ ವಚನ ಅದು.

ಸಿಟ್ಟಿನ ವಿಷಯಕ್ಕೆ ಬರ್ತೀನಿ. ಬಾಯಿ ತೆರೆದ್ರೆ ಸಿಟ್ಟು ಬರುತ್ತೆ, ಹಾಗಾಗಿ ವಿಶ್ವಾಸ ಬಿಟ್ಟುಬಿಟ್ನಾ ಅಂತ ಕೇಳಿದ್ದೀರಿ. ನಂಬಿಕೆ ಬಿಟ್ಟವರಿಗೆ ದೇವರ ಮೇಲೆ ಸಿಟ್ಟು ಬರಲ್ಲ ಸಿಸ್ಟರ್, ಇಲ್ಲದೇ ಇರೋರ ಮೇಲೆ ಯಾರು ಸಿಟ್ಟು ಮಾಡ್ಕೊಳ್ತಾರೆ. ಕೀರ್ತನೆಗಳ ಪುಸ್ತಕದಲ್ಲಿ 150 ಇವೆ, ಸುಮಾರು ಮೂರರಲ್ಲೊಂದು ಪಾಲು ಗೋಳಾಟ, ದೂರು. ನಾವು ಆರಾಧನೇಲಿ ಹಾಡೋಕೆ ಸ್ತುತಿಯದ್ದು ಮಾತ್ರ ಆರಿಸ್ಕೊಂಡು ಮಿಕ್ಕಿದ್ದನ್ನ ಪಕ್ಕಕ್ಕಿಟ್ಟಿದೀವಿ, ಅದಕ್ಕೇ ದುಃಖದಲ್ಲಿರೋರಿಗೆ ಸಭೇಲಿ ಹಾಡೋಕೆ ಒಂದು ಹಾಡೂ ಸಿಗಲ್ಲ. 13ನೇ ಕೀರ್ತನೆ ಮೊದಲ ಎರಡು ವಚನದಲ್ಲೇ ದಾವೀದ ನಾಲ್ಕು ಸಲ ಕೇಳ್ತಾನೆ, ಎಷ್ಟು ಕಾಲ, ಇನ್ನೆಷ್ಟು ಕಾಲ ಅಂತ. ಅದಾದ್ರೂ ಕೊನೇಲಿ ಸ್ತುತಿಗೆ ತಿರುಗುತ್ತೆ. 88ನೇದು ತಿರುಗೋದೇ ಇಲ್ಲ. ಎಜ್ರಾಹ್ಯನಾದ ಹೇಮಾನನದ್ದು, ಹಗಲೂ ರಾತ್ರಿ ಕೂಗ್ತೀನಿ, ಯಾಕೆ ನಿನ್ನ ಮುಖ ಮರೆ ಮಾಡ್ಕೊಂಡಿದ್ದೀಯ, ನನ್ನ ಗೆಳೆಯರನ್ನೆಲ್ಲಾ ದೂರ ಮಾಡ್ದೆ, ಇನ್ನು ನನಗೆ ಕತ್ತಲೇನೇ ಗತಿ. ಅಲ್ಲಿಗೆ ಮುಗೀತು. ಆಮೆನ್ ಇಲ್ಲ, ಆದರೂ ನಿನ್ನನ್ನು ಸ್ತುತಿಸುವೆನು ಅನ್ನೋದಿಲ್ಲ. ಯಾರೂ ಅದನ್ನ ತಿದ್ದಿ ಕೊನೆಗೊಂದು ಹಲ್ಲೆಲೂಯಾ ಸೇರಿಸಲಿಲ್ಲ, ಹಾಗೇ ದೇವರ ವಾಕ್ಯ ಅಂತ ಇಟ್ಟಿದ್ದಾರೆ. ದೇವರು ಆ ದೂರನ್ನ ಸಹಿಸ್ಕೊಂಡಿದ್ದಷ್ಟೇ ಅಲ್ಲ, ನಿಮಗೆ ಬೇಕಾದಾಗ ತೆಗೆದು ಓದಿ ಅಂತ ನಮ್ಮ ಕೈಗೇ ಕೊಟ್ಟಿದ್ದಾರೆ.

ನಿನ್ನ ನಂಬಿಗಸ್ತಿಕೆ ದೊಡ್ಡದು, ಕರುಣೆ ಬೆಳಬೆಳಿಗ್ಗೆ ಹೊಸದು ಅಂತ ಎಲ್ಲರೂ ಹಾಡ್ತೀವಿ. ಅದು ಪ್ರಲಾಪಗಳು 3ರದ್ದು. ಅದೇ ಅಧ್ಯಾಯದಲ್ಲಿ ಎಂಟನೇ ವಚನ ನೋಡಿ, ನಾನು ಕೂಗಿ ಮೊರೆಯಿಟ್ರೂ ನನ್ನ ಪ್ರಾರ್ಥನೆಗೆ ತಡೆ ಹಾಕ್ತಾನೆ ಅಂತ. 44ನೇ ವಚನ, ಪ್ರಾರ್ಥನೆ ತೂರಿ ಬಾರದ ಹಾಗೆ ಮೋಡ ಸುತ್ಕೊಂಡು ಕೂತಿದ್ದೀಯ ಅಂತ ದೇವರ ಮುಖಕ್ಕೇ ಹೇಳ್ತಾನೆ. ನಂಬಿಗಸ್ತಿಕೆ ಹಾಡು ಇವೆರಡರ ಮಧ್ಯೆ ಇದೆ. ಮೋಡದ ದೂರು ಬಂದಿರೋದು ನಂಬಿಗಸ್ತಿಕೆ ಹಾಡಿದ ಮೇಲೆ, ಮುಂಚೆ ಅಲ್ಲ, ಗಮನಿಸಿ. ಒಂದ್ಸಲ ನಂಬಿದ್ದೇನೆ ಅಂದ್ಮೇಲೆ ಮತ್ತೆ ಅಳಬಾರ್ದು ಅನ್ನೋ ರೂಲ್ ಸತ್ಯವೇದದಲ್ಲಿಲ್ಲ.

ಹಾಗಾಗಿ ಆ ಸಿಟ್ಟನ್ನ ದೇವರ ಹತ್ರ ತಗೊಂಡು ಹೋಗಿ, ದೇವರಿಂದ ದೂರ ತಗೊಂಡು ಹೋಗ್ಬೇಡಿ, ನಾನು ನಿಮಗೆ ಹೇಳ್ಬೇಕಾಗಿರೋದರಲ್ಲಿ ಮುಖ್ಯವಾದದ್ದು ಇದೊಂದೇ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲಾ ಕಳ್ಕೊಂಡ ಯೋಬ ದೇವರ ಮೇಲೆ ಕೇಸ್ ಹಾಕೋ ಥರ ಮಾತಾಡಿದ, ಅವನ ಸ್ನೇಹಿತರು ಮೊದಲ ಏಳು ದಿನ ಸುಮ್ನೆ ಪಕ್ಕದಲ್ಲಿ ಕೂತಿದ್ರು, ಅಲ್ಲಿವರೆಗೂ ಚೆನ್ನಾಗಿತ್ತು, ಬಾಯಿ ಬಿಟ್ಟ ಮೇಲೆ ಕೆಟ್ಟಿತು. ನೀನು ಪಾಪ ಮಾಡಿರ್ಬೇಕು, ದೇವರು ನ್ಯಾಯವಂತ, ಹೀಗೆ ದೇವರ ಪರವಾಗಿ ಭಾಷಣ. ಕೊನೇಲಿ 42:7ರಲ್ಲಿ ದೇವರು ಸಿಟ್ಟಾಗಿದ್ದು ಆ ಸ್ನೇಹಿತರ ಮೇಲೆ, ನನ್ನ ದಾಸ ಯೋಬನ ಹಾಗೆ ನೀವು ನನ್ನ ವಿಷಯ ಸರಿಯಾಗಿ ಮಾತಾಡಲಿಲ್ಲ ಅಂತ. ಯಾಕೆ? ಅಷ್ಟೂ ಅಧ್ಯಾಯಗಳಲ್ಲಿ ಅವರು ದೇವರ ಬಗ್ಗೆ ಮಾತಾಡಿದ್ರೇ ಹೊರತು ದೇವರ ಹತ್ರ ಒಂದು ಮಾತೂ ಆಡಲಿಲ್ಲ. ಯೋಬ ಆಡಿದ. ಜಗಳ ಆದ್ರೂ ಆಡಿದ. ಅವನಿಗೆ ಕಾರಣ ಮಾತ್ರ ಕೊನೇವರೆಗೂ ಹೇಳಲಿಲ್ಲ, ಮೊದಲ ಎರಡು ಅಧ್ಯಾಯದಲ್ಲಿ ಪರಲೋಕದಲ್ಲಿ ಏನು ನಡೀತು ಅನ್ನೋದು ನಮಗೆ ಗೊತ್ತಿದೆ, ಯೋಬನಿಗೆ ಗೊತ್ತಾಯ್ತು ಅಂತ ಎಲ್ಲೂ ಬರೆದಿಲ್ಲ. ಅಮ್ಮನ ವಿಷಯದಲ್ಲಿ ಯಾಕೆ ಅನ್ನೋದಕ್ಕೆ ಈ ಲೋಕದಲ್ಲಿ ನಿಮಗೆ ಉತ್ತರ ಸಿಗದೇ ಇರಬಹುದು. ನನಗಂತೂ ಗೊತ್ತಿಲ್ಲ, ಗೊತ್ತು ಅಂತ ಬಂದವರನ್ನ ಯೋಬನ ಸ್ನೇಹಿತರ ಪಕ್ಕ ಕೂರಿಸಿ.

ಲಾಜರನ ಮನೇಲಿ ಇಬ್ಬರು ಅಕ್ಕತಂಗಿಯರು ಯೇಸು ಸ್ವಾಮಿಗೆ ಒಂದೇ ಮಾತು ಹೇಳ್ತಾರೆ. ಸ್ವಾಮಿ, ನೀವು ಇಲ್ಲಿದ್ದಿದ್ರೆ ನಮ್ಮ ತಮ್ಮ ಸಾಯ್ತಿರಲಿಲ್ಲ. ಮಾರ್ಥಳೂ ಅದನ್ನೇ ಅಂದ್ಳು, ಮರಿಯಳೂ ಅದನ್ನೇ ಅಂದ್ಳು. ದೂರೇ ಅದು, ಹೇಳಿ ಕಳಿಸಿದ್ವಿ, ಬರಲಿಲ್ಲ ನೀವು ಅಂತ. ಸುದ್ದಿ ಮುಟ್ಟಿದ ಮೇಲೂ ಎರಡು ದಿನ ಬೇಕಂತಾನೇ ಅಲ್ಲೇ ಉಳ್ಕೊಂಡಿದ್ದೂ ಬರೆದಿದೆ. ಆದ್ರೆ ಮಾರ್ಥಳಿಗೆ ಉತ್ತರವಾಗಿ ನಾನೇ ಪುನರುತ್ಥಾನ ಅಂತ ಮಾತಾಡಿದ್ರು, ಮರಿಯಳಿಗೆ ಒಂದು ಬೋಧನೆನೂ ಮಾಡಲಿಲ್ಲ, ಎಲ್ಲಿಟ್ಟಿದ್ದೀರಿ ಅಂತ ಕೇಳಿ ಅತ್ತುಬಿಟ್ರು. ಇನ್ನೇನು ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಅತ್ರು. ಒಂದೇ ದೂರು, ಎರಡು ಥರ ಉತ್ತರ, ಯಾರಿಗೆ ಯಾವುದು ಬೇಕೋ ಅದು. ಇಬ್ಬರಲ್ಲಿ ಒಬ್ಬಳಿಗೂ ಹೀಗೆಲ್ಲಾ ಮಾತಾಡಬಾರ್ದು ಅಂತ ಗದರಿಸಲಿಲ್ಲ.

ಆದ್ರೆ ಲಾಜರ ಎದ್ದ, ನಮ್ಮಮ್ಮ ಏಳಲಿಲ್ಲ ಅಂತೀರಿ. ಹೌದು. ಅಪೊಸ್ತಲರ ಕೃತ್ಯ 12ರಲ್ಲಿ ಒಂದೇ ಅಧ್ಯಾಯ, ಒಬ್ಬನೇ ಹೆರೋದ, ಯೋಹಾನನ ಅಣ್ಣ ಯಾಕೋಬನನ್ನ ಕತ್ತಿಯಿಂದ ಕೊಲ್ಲಿಸ್ತಾನೆ, ಅವನಿಗೆ ಒಂದು ವಚನ ಮಾತ್ರ. ಪೇತ್ರನನ್ನ ದೇವದೂತ ಬಂದು ಸರಪಳಿ ಬಿಚ್ಚಿ ಕರ್ಕೊಂಡು ಹೋಗ್ತಾನೆ, ಅವನಿಗೆ ಒಂದು ದೊಡ್ಡ ಕಥೆ. ಯಾಕೋಬನ ತಾಯಿ ಆ ಸಾಕ್ಷಿ ಕೇಳಿಸ್ಕೊಂಡಾಗ ಹೇಗಿದ್ದಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದೀನಿ. ಲೂಕ ಕಾರಣ ಕೊಡಲ್ಲ. ಒಬ್ಬನನ್ನ ದೇವರು ಪ್ರೀತಿಸಿದ್ರು, ಇನ್ನೊಬ್ಬನನ್ನ ಪ್ರೀತಿಸಲಿಲ್ಲ ಅಂತ ಮಾತ್ರ ಯಾರೂ ಓದೋಕಾಗಲ್ಲ, ಯಾಕೋಬ ಯೇಸು ಸ್ವಾಮಿ ಜೊತೆ ಬೆಟ್ಟದ ಮೇಲೆ ಹೋದ ಮೂವರಲ್ಲೊಬ್ಬ.

ಹಾಗಿದ್ರೆ ನಂಬೋದು ಅಂದ್ರೆ ಏನು? ದಾನಿಯೇಲ 3ರಲ್ಲಿ ಶದ್ರಕ್, ಮೇಶಕ್, ಅಬೇದ್‌ನೆಗೋ ಬೆಂಕಿ ಕುಲುಮೆ ಮುಂದೆ ನಿಂತು ರಾಜನಿಗೆ ಹೇಳಿದ್ದು, ನಮ್ಮ ದೇವರು ನಮ್ಮನ್ನ ಬಿಡಿಸೋಕೆ ಶಕ್ತ, ಬಿಡಿಸದೇ ಹೋದ್ರೂ ನಿನ್ನ ಪ್ರತಿಮೆಗೆ ಅಡ್ಡ ಬೀಳಲ್ಲ. ಆ "ಹೋದ್ರೂ" ಅನ್ನೋದರಲ್ಲೇ ಎಲ್ಲಾ ಇದೆ. ಏನಾಗುತ್ತೆ ಅಂತ ಅವರಿಗೆ ಗೊತ್ತಿರಲಿಲ್ಲ, ಯಾರು ಅಂತ ಗೊತ್ತಿತ್ತು. ಖಂಡಿತ ಬಿಡಿಸ್ತಾರೆ, ನನಗೆ ಗ್ಯಾರಂಟಿ ಇದೆ ಅಂತ ಕಣ್ಮುಚ್ಚಿ ಪದೇ ಪದೇ ಹೇಳ್ಕೊಳ್ಳೋದನ್ನ ನಾವು ವಿಶ್ವಾಸ ಅಂತ ಕರೀತೀವಿ, ಅದು ಮುಂದೆ ಆಗೋದರ ಬಗ್ಗೆ ಒಂದು ಊಹೆ ಅಷ್ಟೇ, ಊಹೆ ಸುಳ್ಳಾದ್ರೆ ಕುಸಿದುಹೋಗುತ್ತೆ. ನಿಮ್ಮಲ್ಲಿ ಕುಸಿದಿರೋದು ಆ ಊಹೆ ಇರಬಹುದು, ನಂಬಿಕೆ ಅಲ್ಲ, ಸಿಟ್ಟಲ್ಲಾದ್ರೂ ಇನ್ನೂ ಆತನ ಹತ್ರಾನೇ ಮಾತಾಡ್ತಿದ್ದೀರಿ.

ದೇವರು ಕೇಳಿದ್ದನ್ನ ಕೊಡದೇನೇ ಇನ್ನೇನೋ ಮಾಡಿದ ಕಥೆಗಳೂ ಇವೆ. ಮೋನಿಕಾ ಅನ್ನೋ ತಾಯಿ, ಮಗ ಅಗಸ್ಟೀನ್ ಕಾರ್ಥೇಜಿಂದ ರೋಮ್‌ಗೆ ಹಡಗು ಹತ್ತಬಾರ್ದು ಅಂತ ಬಂದರಿನ ಹತ್ರ ಒಂದು ಚಾಪೆಲ್‌ನಲ್ಲಿ ರಾತ್ರಿಯೆಲ್ಲಾ ಅತ್ತು ಪ್ರಾರ್ಥನೆ ಮಾಡಿದ್ಳು, ಅವನು ಅದೇ ರಾತ್ರಿ ಅಮ್ಮನಿಗೆ ಸುಳ್ಳು ಹೇಳಿ ಹೊರಟುಹೋದ. ಅದು 383ರಲ್ಲಿ. ಅಲ್ಲಿಂದ ಮಿಲಾನ್‌ಗೆ ಹೋದ, ಅಲ್ಲಿನ ಬಿಷಪ್ ಆಂಬ್ರೋಸನ ಬೋಧನೆ ಕೇಳಿದ, 386ರಲ್ಲಿ ಮನಸ್ಸು ತಿರುಗಿತು, 387ರಲ್ಲಿ ದೀಕ್ಷಾಸ್ನಾನ ಆಯ್ತು. ಅಮ್ಮ ಆವತ್ತು ಕೇಳಿದ್ದನ್ನ ನೀನು ಕೊಡಲಿಲ್ಲ, ಯಾವತ್ತೂ ಕೇಳ್ತಿದ್ದದ್ದನ್ನ ಕೊಡೋದಕ್ಕೋಸ್ಕರ ಅಂತ ಅಗಸ್ಟೀನ್ ಆಮೇಲೆ ದೇವರಿಗೆ ಹೇಳ್ಕೊಂಡಿದ್ದಾನೆ. ಚೆಂದದ ಕಥೆ, ನಿಜವಾದ ಕಥೆ, ಆದ್ರೆ ಎಲ್ಲರ ಕಥೆನೂ ಹೀಗೆ ಮುಗಿಯುತ್ತೆ ಅಂತ ಹೇಳೋಕೆ ಇದನ್ನ ಬಳಸಬಾರ್ದು. ಹಿಂತಿರುಗಿ ನೋಡಿದಾಗ ಕೆಲವರಿಗೆ ಕಾಣುತ್ತೆ. ಕೆಲವರಿಗೆ ಕಾಣಲ್ಲ. ಇಬ್ರಿಯ 11ರ ಕೊನೇಲಿ ಒಂದು ದೊಡ್ಡ ಪಟ್ಟಿ ಇದೆ, ಕಲ್ಲೇಟು ತಿಂದವರು, ಗರಗಸದಿಂದ ಕೊಯ್ಯಿಸ್ಕೊಂಡವರು, ಇವರೆಲ್ಲಾ ನಂಬಿಕೆಯಿಂದ ಒಳ್ಳೇ ಸಾಕ್ಷಿ ಪಡೆದ್ರೂ ವಾಗ್ದಾನದ ಫಲ ಹೊಂದಲಿಲ್ಲ ಅಂತ.

ಈಗ ಮಾಡೋ ಕೆಲಸ ಹೇಳ್ತೀನಿ. ಮೊದಲಿನ ಥರ ಬೆಳಗಿನ ಜಾವ ಎದ್ದು ಉದ್ದ ಪ್ರಾರ್ಥನೆ ಮಾಡೋಕೆ ಈಗಲೇ ಹೋಗ್ಬೇಡಿ, ಆ ಹೊತ್ತು ಅಮ್ಮನ ಖಾಯಿಲೆ ಜೊತೆ ಅಂಟ್ಕೊಂಡಿದೆ ನಿಮ್ಮಲ್ಲಿ. ಬೇರೆ ಹೊತ್ತು, ಬೇರೆ ಜಾಗ. 88ನೇ ಕೀರ್ತನೆ ಗಟ್ಟಿಯಾಗಿ ಓದಿ, ಬೇರೆ ಏನೂ ಸೇರಿಸದೇ ಎದ್ದುಬನ್ನಿ. ಒಂದೆರಡು ವಾರ ಅಷ್ಟೇ ಆದ್ರೂ ಪ್ರಾರ್ಥನೆನೇ ಅದು. ಒಂದು ನೋಟ್‌ಬುಕ್ ತಗೊಂಡು ದೇವರಿಗೆ ಪತ್ರದ ಥರ ಬರೀರಿ, ಏನೇನು ಅನ್ಸುತ್ತೋ ಎಲ್ಲಾ, ಯಾರಿಗೂ ತೋರಿಸ್ಬೇಡಿ. ಬಲವಂತದ ಸ್ತೋತ್ರ ಬೇಡ, ಹಾಗೆ ಹೇಳಿದ ಸ್ತೋತ್ರ ದೇವರಿಗೂ ಗೊತ್ತಾಗುತ್ತೆ. ಮಾರ್ಕ 9ರಲ್ಲಿ ಆ ತಂದೆ ಹೇಳಿದ್ದು ಒಂದೇ ಸಾಲು, ನಂಬ್ತೀನಿ, ನನ್ನ ಅಪನಂಬಿಕೆಗೆ ಸಹಾಯ ಮಾಡು. ಅಷ್ಟಕ್ಕೇ ಮಗ ವಾಸಿಯಾದ. ಮತ್ತೆ ಎಷ್ಟು ತಿಂಗಳಾದ್ರೂ ಒಳಗೆ ಏನೂ ಅನ್ಸಲ್ಲ ಅಂದ್ರೆ ಗಾಬರಿ ಬೇಡ. ಮದರ್ ತೆರೇಸಾ ತೀರ್ಕೊಂಡ ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಹೊರಗೆ ಬಂದ್ವು, ಸುಮಾರು 50 ವರ್ಷ ಒಳಗೆ ಕತ್ತಲೆ, ದೇವರು ಇಲ್ವೇನೋ ಅನ್ನೋ ಅನುಭವ ಅಂತ ಬರೆದಿದ್ರು, ಆದ್ರೂ ಬೆಳಗಾದ್ರೆ ಎದ್ದು ಕೆಲಸಕ್ಕೆ ಹೋಗ್ತಿದ್ರು.

ಸಭೇಲಿ ಸಾಕ್ಷಿ ಸಮಯ ನಿಮಗೆ ತುಂಬಾ ಕಷ್ಟ ಆಗ್ತಿರುತ್ತೆ, ನನ್ನ ತಾಯಿ ವಾಸಿಯಾದ್ರು ಅಂತ ಯಾರೋ ಹೇಳುವಾಗ ಎಲ್ಲರ ಜೊತೆ ಚಪ್ಪಾಳೆ ಹೊಡೀಬೇಕು. ಆ ಹೊತ್ತಲ್ಲಿ ಎದ್ದು ಹೊರಗೆ ಹೋಗಿ ಬನ್ನಿ, ಪಾಪ ಅಲ್ಲ. ಆದ್ರೆ ಸಭೆ ಪೂರ್ತಿ ಬಿಡ್ಬೇಡಿ, ಬೋಧನೆ ಮಾಡದೇ ಕೇಳಿಸ್ಕೊಳ್ಳೋ ಒಬ್ಬರನ್ನ ಹುಡುಕಿ, ಪ್ರತಿ ಸಭೇಲೂ ಅಂಥ ಒಬ್ಬ ಆಂಟಿನೋ ಅಜ್ಜಿನೋ ಇದ್ದೇ ಇರ್ತಾರೆ, ಸಾಮಾನ್ಯವಾಗಿ ತಾವೂ ಯಾರನ್ನೋ ಕಳ್ಕೊಂಡವರು. ನೀವು ಪ್ರಾರ್ಥನೆ ಮಾಡೋಕಾಗದ ದಿನ ಅವರು ನಿಮಗೋಸ್ಕರ ಮಾಡ್ಲಿ. ನಾನು ಮೇಲೆ ಹೇಳಿದ ನಾಲ್ಕು ಜನ ಹೊತ್ಕೊಂಡು ಬಂದಿದ್ದು ಅದಕ್ಕೇ ಅಲ್ವಾ.

ಇನ್ನೊಂದು ಮುಖ್ಯ, ನಿದ್ದೆ ಬರ್ತಿಲ್ಲ, ಊಟ ಸೇರ್ತಿಲ್ಲ, ಬದುಕೋದೇ ಬೇಡ ಅನ್ಸುತ್ತೆ ಅಂದ್ರೆ ತಡ ಮಾಡದೇ ಡಾಕ್ಟರ್ ಹತ್ರ ಹೋಗಿ, ಇವತ್ತೇ ಯಾರಿಗಾದ್ರೂ ಹೇಳಿ. ಎಲೀಯ ನನ್ನ ಪ್ರಾಣ ತೆಗೆದುಬಿಡು ಅಂತ ಜಾಲಿ ಗಿಡದ ಕೆಳಗೆ ಬಿದ್ಕೊಂಡಾಗ ದೇವರು ಮೊದಲು ಬೋಧನೆ ಕಳಿಸಲಿಲ್ಲ, ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ಮಾತು ಆಮೇಲೆ. ಡಿಪ್ರೆಶನ್‌ಗೆ ಔಷಧಿ ತಗೊಳ್ಳೋದು ಅವಿಶ್ವಾಸ ಅಂತ ಹೇಳೋರಿದ್ದಾರೆ, ಅವರ ಕನ್ನಡಕವೂ ಡಾಕ್ಟರ್ ಬರೆದುಕೊಟ್ಟಿದ್ದೇ.

ಕೊನೇದು ಅಪ್ಪನ ವಿಷಯ. ಕೇಳಿ, ಖಂಡಿತ ಕೇಳಿ. ಆ ಭಯಾನೇ ಪ್ರಾರ್ಥನೆಯ ಮೊದಲ ಸಾಲು ಮಾಡಿ: ಕರ್ತನೇ, ನಿನ್ನ ಹತ್ರ ಕೇಳೋಕೇ ನನಗೆ ಭಯ, ಅಮ್ಮನ ವಿಷಯ ನಮ್ಮಿಬ್ಬರ ಮಧ್ಯೆ ಇನ್ನೂ ಮುಗಿದಿಲ್ಲ, ಆದ್ರೂ ಅಪ್ಪ ಉಳೀಬೇಕು, ಉಳಿಸು. ಅಷ್ಟು ಸಾಕು. ಈ ಸಲ ಹೆಚ್ಚು ಉಪವಾಸ ಮಾಡಿದ್ರೆ ಕೊಡ್ತಾರೇನೋ ಅಂತ ಲೆಕ್ಕ ಹಾಕ್ಬೇಡಿ, ದೇವರ ಜೊತೆ ಚೌಕಾಸಿ ಮಾಡಿ ಗೆದ್ದವರಿಲ್ಲ, ಮೇಲಾಗಿ ಅಪ್ಪನನ್ನ ಆಸ್ಪತ್ರೆಗೆ ಓಡಾಡಿಸೋಕೆ ನಿಮಗೆ ಮೈಯಲ್ಲಿ ಶಕ್ತಿ ಇರ್ಬೇಕು. ಪ್ರಾರ್ಥನೆಗೆ ಬಂದವರು ಯಾರಾದ್ರೂ ಇವರು ಗುಣ ಆದ್ರು, ಇನ್ನು ಮಾತ್ರೆ ಬೇಡ ಅಂತ ಹೇಳಿದ್ರೆ ಅವರಿಗೆ ವಂದನೆ ಹೇಳಿ ಕಳಿಸಿ, ಡಾಕ್ಟರ್ ನಿಲ್ಲಿಸಿ ಅನ್ನೋವರೆಗೂ ಅಪ್ಪನ ಒಂದು ಮಾತ್ರೆನೂ ತಪ್ಪಿಸ್ಬೇಡಿ.